ಹಳೆಯ ಕೈಗಡಿಯಾರವನ್ನು ಕೊಳ್ಳುವ ಮುನ್ನ

ಭಟ್ಕಳದ ಪೇಟೆಬೀದಿಯಲ್ಲಿ ಒಮ್ಮೆ ಅಡ್ಡಾಡಿದವರಿಗೆ ಅಲ್ಲಿನ ಅಂಗಡಿಗಳ ಗಾಜಿನ ಕಪಾಟುಗಳು ನೆನಪಿನಲ್ಲಿ ಉಳಿಯುತ್ತವೆ. ಅತ್ತರು, ಖರ್ಜೂರ, ವಿದೇಶದ ಬಟ್ಟೆ, ಅವುಗಳ ನಡುವೆ ಸಾಲಾಗಿ ಮಲಗಿಸಿದ ಕೈಗಡಿಯಾರಗಳು. ಈ ಊರಿನ ಅನೇಕ ಮನೆಗಳಿಂದ ಒಬ್ಬಿಬ್ಬರಾದರೂ ದುಡಿಮೆಗಾಗಿ ಕೊಲ್ಲಿ ದೇಶಗಳಿಗೆ ಹೋಗಿದ್ದಾರೆ. ಅವರು ರಜೆಯಲ್ಲಿ ಬಂದಾಗ ಮಣಿಕಟ್ಟಿನಲ್ಲಿ ಒಂದು ಒಳ್ಳೆಯ ಗಡಿಯಾರವಿರುವುದು ಹಳೆಯ ವಾಡಿಕೆ. ಹೀಗೆ ಬಂದ ಗಡಿಯಾರಗಳು ಕೆಲವು ವರ್ಷಗಳ ಬಳಿಕ ಕೈಬದಲಾಗಿ ಹೊನ್ನಾವರ, ಕುಮಟಾಗಳವರೆಗೂ ಸಂಚರಿಸುತ್ತವೆ.

ಕಳೆದ ಮಳೆಗಾಲದ ಮೊದಲಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕಾಣಲು ಹೊನ್ನಾವರಕ್ಕೆ ಬಂದನು. ಪದವಿ ಮುಗಿಸಿ ಮೂರು ವರ್ಷ ದುಬೈಯ ಅಂಗಡಿಯೊಂದರಲ್ಲಿ ಲೆಕ್ಕಪತ್ರ ಬರೆದು, ಎರಡೂವರೆ ಲಕ್ಷ ರೂಪಾಯಿ ಉಳಿಸಿದ್ದನು. ಭಟ್ಕಳದ ಹಿರಿಯರೊಬ್ಬರ ಬಳಿ ಒಂದು ಸ್ವಿಸ್ ಕೈಗಡಿಯಾರವಿತ್ತು. ೧೯೮೮ರಲ್ಲಿ ಒಂದು ಸಾವಿರ ಮಾತ್ರ ತಯಾರಾದ 'ಸೀಮಿತ ಆವೃತ್ತಿ'ಯದು ಎಂದು ಅವರು ಹೇಳಿದ್ದರು. ಹಿಂಬದಿಯ ಮುಚ್ಚಳದ ಮೇಲೆ ಕ್ರಮಸಂಖ್ಯೆಯೂ ಕೆತ್ತಿತ್ತು. ಬೆಲೆ ಎರಡು ಲಕ್ಷ ನಲವತ್ತು ಸಾವಿರ.

"ಸರ್, ಇದು ಮುಂದೆ ಬೆಲೆ ಏರುವ ವಸ್ತು ಎಂದು ಎಲ್ಲರೂ ಹೇಳುತ್ತಾರೆ. ತಂಗಿಯ ನರ್ಸಿಂಗ್ ಓದಿಗೆ ಇಟ್ಟ ಹಣವೂ ಇದರಲ್ಲಿ ಸೇರಿದೆ. ಆ ಹಿರಿಯರು ನಂಬಿಗಸ್ತರು. ಹತ್ತು ದಿನ ಗಡಿಯಾರವನ್ನು ನನ್ನ ಬಳಿಯೇ ಇಟ್ಟುಕೊಂಡು ನೋಡಲು ಕೊಟ್ಟಿದ್ದಾರೆ. ಏನು ಮಾಡಲಿ?"

"ಕೊಳ್ಳು, ಬಿಡು ಎಂದು ನಾನು ಹೇಳಲಾರೆ ತಮಾ. ಆದರೆ ಹತ್ತು ದಿನ ದೊರೆತಿವೆಯಲ್ಲ, ಅಷ್ಟರಲ್ಲಿ ಗಡಿಯಾರವನ್ನೇ ಕೇಳೋಣ" ಎಂದೆನು. ನಾವು ಅದನ್ನು ಕೇಳಿದ ಬಗೆಯನ್ನೂ ಅದು ಕೊಟ್ಟ ಉತ್ತರಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ನಿಮ್ಮ ಪಠ್ಯಪುಸ್ತಕಗಳಲ್ಲಿಯೇ ಇದೆ.

ಗಡಿಯಾರದ ಹೃದಯ

ಕೀಲಿ ಕೊಡುವ ಗಡಿಯಾರದಲ್ಲಿ ಶಕ್ತಿಯು ಮುಖ್ಯ ಸ್ಪ್ರಿಂಗಿನಲ್ಲಿ ಸಂಗ್ರಹವಾಗುತ್ತದೆ. ಹಲ್ಲುಚಕ್ರಗಳ ಸಾಲು ಆ ಶಕ್ತಿಯನ್ನು ಮುಂದಕ್ಕೆ ಒಯ್ಯುತ್ತದೆ. ಆದರೆ ಹೊತ್ತನ್ನು ಅಳೆಯುವುದು ಇವೆರಡೂ ಅಲ್ಲ. ಅಳೆಯುವುದು ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಅಂಟಿಕೊಂಡ ಕೂದಲೆಳೆಯಂತಹ ಸುರುಳಿ. ರಿಪೇರಿ ಮಾಡುವವರು ಈ ಸುರುಳಿಯನ್ನು ಹೇರ್‌ಸ್ಪ್ರಿಂಗ್ ಎಂದು ಕರೆಯುತ್ತಾರೆ. ಚಕ್ರವು ಒಂದು ಕಡೆಗೆ ತಿರುಗಿದಾಗ ಸುರುಳಿ ಬಿಗಿಯುತ್ತದೆ, ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಚಕ್ರ ನಡುವನ್ನು ದಾಟಿ ಇನ್ನೊಂದು ಕಡೆಗೆ ಹೋಗುತ್ತದೆ. ಸುರುಳಿ ಮತ್ತೆ ಎಳೆಯುತ್ತದೆ. ಇದು ಸರಳ ಸಂಗತ ಚಲನೆ. ಲೋಲಕಕ್ಕೆ ಗುರುತ್ವ ಮಾಡುವ ಕೆಲಸವನ್ನು ಇಲ್ಲಿ ಸ್ಥಿತಿಸ್ಥಾಪಕತ್ವ ಮಾಡುತ್ತದೆ.

ಚಕ್ರದ ಜಡತ್ವ ಭ್ರಾಮಕವನ್ನು 'ಜ' ಎಂದೂ ಸುರುಳಿಯ ಬಿಗಿತವನ್ನು 'ಬ' ಎಂದೂ ಕರೆದರೆ, ಒಂದು ಪೂರ್ಣ ತೂಗಾಟದ ಅವಧಿ 'ಆ' ಹೀಗಿರುತ್ತದೆ:

ಆ = ೨ × ಪೈ × √(ಜ ÷ ಬ)

ಈ ಸೂತ್ರದಲ್ಲಿ ತೂಗಾಟದ ವಿಸ್ತಾರ ಎಲ್ಲಿಯೂ ಬಂದಿಲ್ಲ ಎಂಬುದನ್ನು ಗಮನಿಸಿರಿ. ಕೀಲಿ ತುಂಬಿದಾಗ ಚಕ್ರ ಹೆಚ್ಚು ತೂಗುತ್ತದೆ, ಕೀಲಿ ಇಳಿದಾಗ ಕಡಿಮೆ ತೂಗುತ್ತದೆ. ಆದರೂ ಅವಧಿ ಬದಲಾಗಬಾರದು. ಒಳ್ಳೆಯ ಗಡಿಯಾರ ಈ ಆದರ್ಶಕ್ಕೆ ಹತ್ತಿರವಾಗಿರುತ್ತದೆ.

ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ೧೯೬೧ರಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು. ಅದರ ಹೆಸರಾಂತ 'ಜನತಾ' ಗಡಿಯಾರದ ಚಕ್ರವು ಗಂಟೆಗೆ ೧೮,೦೦೦ ಬಾರಿ ಮಿಡಿಯುತ್ತದೆ, ಎಂದರೆ ಸೆಕೆಂಡಿಗೆ ಐದು ಬಾರಿ. ನನ್ನ ವಿದ್ಯಾರ್ಥಿ ತಂದ ಗಡಿಯಾರದ ಮಿಡಿತ ಗಂಟೆಗೆ ೨೮,೮೦೦, ಸೆಕೆಂಡಿಗೆ ಎಂಟು. ಒಂದು ದಿನಕ್ಕೆ ಅದು ೬,೯೧,೨೦೦ ಬಾರಿ ಮಿಡಿಯಬೇಕು. ದಿನಕ್ಕೆ ಹತ್ತು ಸೆಕೆಂಡು ತಪ್ಪಿದರೆ ನಾವು ಮುಖ ಸಿಂಡರಿಸುತ್ತೇವೆ. ಆದರೆ ಒಂದು ದಿನದಲ್ಲಿ ೮೬,೪೦೦ ಸೆಕೆಂಡುಗಳಿವೆ. ಹತ್ತು ಸೆಕೆಂಡಿನ ತಪ್ಪು ಎಂದರೆ ೮,೬೪೦ರಲ್ಲಿ ಒಂದು ಭಾಗ. ನಮ್ಮ ಪ್ರಯೋಗಶಾಲೆಯಲ್ಲಿ ಇಷ್ಟು ಸೂಕ್ಷ್ಮವಾದ ಅಳತೆಯನ್ನು ನಾವು ಎಷ್ಟು ಸಲ ಮಾಡುತ್ತೇವೆ?

ಹೊತ್ತಿನ ಪರೀಕ್ಷೆ

ಗಡಿಯಾರವನ್ನು ಯಾವುದಕ್ಕೆ ಹೋಲಿಸಬೇಕು? ಸೂರ್ಯನಿಗೆ ಎಂದು ಕೆಲವರು ಹೇಳಬಹುದು. ಹೊನ್ನಾವರದ ರೇಖಾಂಶ ಸುಮಾರು ೭೪ ಡಿಗ್ರಿ ೨೭ ಮಿನಿಟು ಪೂರ್ವ. ಭಾರತೀಯ ಪ್ರಮಾಣ ಕಾಲವು ೮೨ ಡಿಗ್ರಿ ೩೦ ಮಿನಿಟಿನ ರೇಖಾಂಶವನ್ನು ಆಧರಿಸಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ಕರಾವಳಿಯ ಸ್ಥಳೀಯ ಕಾಲ ಸುಮಾರು ೩೨ ನಿಮಿಷ ಹಿಂದೆ ಇರುತ್ತದೆ. ಅದರ ಮೇಲೆ, ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ವಾಲಿರುವುದರಿಂದಲೂ ನೆರಳಿನ ಗಡಿಯಾರ ವರ್ಷದ ಕೆಲವು ದಿನಗಳಲ್ಲಿ ಹದಿನಾರು ನಿಮಿಷದವರೆಗೂ ಹಿಂದುಮುಂದಾಗುತ್ತದೆ. ಸೆಕೆಂಡುಗಳ ಲೆಕ್ಕಕ್ಕೆ ಸೂರ್ಯ ಒದಗುವುದಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ಪ್ರಮಾಣ ಕಾಲವನ್ನು ಕಾಯುತ್ತದೆ. ಅಂತರ್ಜಾಲಕ್ಕೆ ಹೊಂದಿಕೊಂಡ ಮೊಬೈಲಿನ ಗಡಿಯಾರವೂ ನಮ್ಮ ಕೆಲಸಕ್ಕೆ ಸಾಕು.

ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಕೀಲಿ ಕೊಟ್ಟು, ಗಡಿಯಾರ ಎಷ್ಟು ಸೆಕೆಂಡು ಮುಂದಿದೆ ಅಥವಾ ಹಿಂದಿದೆ ಎಂಬುದನ್ನು ಬರೆದಿಡಬೇಕು. ನಡುವೆ ಮುಳ್ಳನ್ನು ತಿರುಗಿಸಕೂಡದು. ಕಣ್ಣಳತೆಯಲ್ಲಿ ಅರ್ಧ ಸೆಕೆಂಡಿನ ತಪ್ಪು ಸಹಜ. ಒಂದು ದಿನದ ಎರಡು ಓದುಗಳಲ್ಲಿ ಅದು ಒಂದು ಸೆಕೆಂಡಾಗಬಹುದು. ಐದು ದಿನಗಳ ಮೊದಲ ಮತ್ತು ಕೊನೆಯ ಓದುಗಳನ್ನು ತೆಗೆದುಕೊಂಡರೆ ಅದೇ ಒಂದು ಸೆಕೆಂಡು ಐದು ದಿನಗಳಿಗೆ ಹಂಚಿಹೋಗುತ್ತದೆ.

ಇಲ್ಲಿ ಒಂದು ಮುಖ್ಯವಾದ ಪಾಠವಿದೆ. ಎರಡು ಗಡಿಯಾರಗಳ ಐದು ದಿನಗಳ ನಡೆಯನ್ನು ಹೋಲಿಸೋಣ. ಮೊದಲನೆಯದು ದಿನದಿನಕ್ಕೆ ೬, ೭, ೬, ೫, ೬ ಸೆಕೆಂಡು ಮುಂದೆ ಹೋಗುತ್ತದೆ. ಎರಡನೆಯದು ೧೪ ಮುಂದೆ, ೯ ಹಿಂದೆ, ೩ ಮುಂದೆ, ೧೨ ಹಿಂದೆ, ೬ ಮುಂದೆ. ಸರಾಸರಿ ತೆಗೆದರೆ ಮೊದಲನೆಯದು ದಿನಕ್ಕೆ ೬ ಸೆಕೆಂಡು ತಪ್ಪು. ಎರಡನೆಯದು ಅರ್ಧ ಸೆಕೆಂಡೂ ಇಲ್ಲ. ಯಾವುದು ಒಳ್ಳೆಯದು? ಅವಸರದ ಗಿರಾಕಿ ಎರಡನೆಯದನ್ನು ಆರಿಸುವನು; ಬಲ್ಲವನು ಮೊದಲನೆಯದನ್ನು. ಏಕೆಂದರೆ ಒಂದೇ ಸಮನಾದ ತಪ್ಪನ್ನು ತಿದ್ದಬಹುದು; ರಿಪೇರಿಯವನು ಸುರುಳಿಯ ಪರಿಣಾಮಕಾರಿ ಉದ್ದವನ್ನು ಕೂದಲೆಳೆಯಷ್ಟು ಬದಲಿಸಿದರೆ ಸಾಕು. ಚಂಚಲತೆಯನ್ನು ಹಾಗೆ ತಿದ್ದಲಾಗದು. ಒಣಗಿದ ಎಣ್ಣೆ, ಸವೆದ ಕೀಲು, ಬಾಗಿದ ಸುರುಳಿ ಇವುಗಳಲ್ಲಿ ಯಾವುದೋ ಒಂದು ಅದರ ಹಿಂದೆ ಇರುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಕ್ರಮಬದ್ಧ ದೋಷ, ಯಾದೃಚ್ಛಿಕ ದೋಷ ಎಂದು ಓದುವುದು ಇದನ್ನೇ.

ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆಯು 'ಕ್ರೊನೋಮೀಟರ್' ಎಂಬ ಪ್ರಮಾಣಪತ್ರ ಕೊಡುವ ಮುನ್ನ ಗಡಿಯಾರದ ಯಂತ್ರವನ್ನು ಹದಿನೈದು ದಿನಗಳ ಕಾಲ, ಐದು ಭಂಗಿಗಳಲ್ಲಿ, ೮, ೨೩ ಮತ್ತು ೩೮ ಡಿಗ್ರಿ ಸೆಲ್ಸಿಯಸ್ ಉಷ್ಣತೆಗಳಲ್ಲಿ ಪರೀಕ್ಷಿಸುತ್ತದೆ. ಸಾಮಾನ್ಯ ಗಾತ್ರದ ಯಂತ್ರದ ಸರಾಸರಿ ದಿನಕ್ಕೆ ೪ ಸೆಕೆಂಡು ಹಿಂದಿನಿಂದ ೬ ಸೆಕೆಂಡು ಮುಂದಿನವರೆಗೆ ಇರಬೇಕು. ಭಂಗಿ ಏಕೆ? ಬ್ಯಾಲೆನ್ಸ್ ಚಕ್ರದ ಗುರುತ್ವಕೇಂದ್ರ ನಟ್ಟನಡುವೆ ಇಲ್ಲದಿದ್ದರೆ, ಗಡಿಯಾರವನ್ನು ನಿಲ್ಲಿಸಿದಾಗ ಭೂಮಿಯ ಸೆಳೆತವೂ ಸುರುಳಿಯ ಕೆಲಸದಲ್ಲಿ ಕೈಹಾಕುತ್ತದೆ. ಆದ್ದರಿಂದ ಮನೆಯಲ್ಲಿಯೂ ಒಂದು ರಾತ್ರಿ ಮುಖ ಮೇಲಾಗಿ ಮಲಗಿಸಿ, ಮರುರಾತ್ರಿ ಕೀಲಿಯ ತಿರುಪು ಕೆಳಗಾಗುವಂತೆ ನಿಲ್ಲಿಸಿ ನೋಡಬೇಕು.

ಅಯಸ್ಕಾಂತದ ಕಾಟ

ನಮ್ಮ ಮೊದಲ ದಿನದ ಫಲಿತಾಂಶ ಗಾಬರಿ ಹುಟ್ಟಿಸಿತು. ಗಡಿಯಾರ ಒಂದೇ ದಿನದಲ್ಲಿ ೯೫ ಸೆಕೆಂಡು ಮುಂದೆ ಓಡಿತ್ತು! "ಇದು ಕೆಟ್ಟಿದೆ ಸರ್, ಹಿಂದಕ್ಕೆ ಕೊಟ್ಟುಬಿಡುತ್ತೇನೆ" ಎಂದು ಹುಡುಗ ಹೊರಟೇಬಿಟ್ಟನು. ನಾನು ಕಾಲೇಜಿನ ಸಣ್ಣ ದಿಕ್ಸೂಚಿಯನ್ನು ತಂದು ಗಡಿಯಾರದ ಬಳಿ ಇಟ್ಟೆನು. ಮಿಡಿತಕ್ಕೆ ತಕ್ಕಂತೆ ಸೂಜಿ ನಡುಗಿತು. ವಿಚಾರಿಸಿದಾಗ, ಅವನು ರಾತ್ರಿಯೆಲ್ಲ ಗಡಿಯಾರವನ್ನು ಅಯಸ್ಕಾಂತದ ಮುಚ್ಚಳವುಳ್ಳ ಮೊಬೈಲ್ ಚೀಲದ ಮೇಲೆ ಇಟ್ಟಿದ್ದನೆಂದು ತಿಳಿಯಿತು.

ಆಗಿದ್ದೇನು? ಸುರುಳಿಯ ಲೋಹ ಅಯಸ್ಕಾಂತೀಯವಾದರೆ ಅದರ ಸುತ್ತುಗಳು ಒಂದಕ್ಕೊಂದು ತಾಗಿ ಅಂಟುತ್ತವೆ. ಸುರುಳಿಯ ದುಡಿಯುವ ಉದ್ದ ಕಡಿಮೆಯಾಗಿ ಬಿಗಿತ ಹೆಚ್ಚುತ್ತದೆ. ಸೂತ್ರದಂತೆ ಅವಧಿ ಕಡಿಮೆಯಾಗಿ ಗಡಿಯಾರ ಓಡುತ್ತದೆ. ೮೬,೪೦೦ರಲ್ಲಿ ೯೫ ಎಂದರೆ ಶೇಕಡಾ ೦.೧೧. ವರ್ಗಮೂಲವಿರುವುದರಿಂದ ಬಿಗಿತದಲ್ಲಿ ಇದರ ಇಮ್ಮಡಿ, ಶೇಕಡಾ ೦.೨೨ರಷ್ಟು ಬದಲಾವಣೆ ಸಾಕು. ಸುರುಳಿಯ ಉದ್ದ ಹತ್ತು ಸೆಂಟಿಮೀಟರು ಎಂದು ಭಾವಿಸಿದರೆ ಕಾಲು ಮಿಲಿಮೀಟರಿಗಿಂತಲೂ ಕಡಿಮೆ ಉದ್ದದ ಮೋಸ ಅದು.

ಕುಮಟಾದ ರಿಪೇರಿಯವರೊಬ್ಬರು ಅಯಸ್ಕಾಂತ ಕಳೆಯುವ ಪೆಟ್ಟಿಗೆಯ ಮೇಲೆ ಗಡಿಯಾರವನ್ನಿಟ್ಟು ನಿಧಾನವಾಗಿ ದೂರ ಸರಿಸಿದರು. ಪರ್ಯಾಯ ಪ್ರವಾಹದ ಕ್ಷೇತ್ರ ಸೆಕೆಂಡಿಗೆ ಐವತ್ತು ಬಾರಿ ಹಿಂದುಮುಂದಾಗುತ್ತ ಕ್ಷೀಣಿಸಿದಂತೆ ಲೋಹದ ಅಯಸ್ಕಾಂತತ್ವವೂ ಶೂನ್ಯಕ್ಕೆ ಇಳಿಯುತ್ತದೆ. ಆ ಬಳಿಕದ ಐದು ದಿನಗಳ ಓದೇ ನಾನು ಮೇಲೆ ಕೊಟ್ಟ ಮೊದಲನೆಯ ಸಾಲು: ೬, ೭, ೬, ೫, ೬. ಮಲಗಿಸಿದಾಗಲೂ ನಿಲ್ಲಿಸಿದಾಗಲೂ ಅಂತರ ಐದು ಸೆಕೆಂಡು ಮಾತ್ರ. ಮೊದಲ ನೋಟದಲ್ಲಿಯೇ ತೀರ್ಪು ಕೊಟ್ಟಿದ್ದರೆ ಒಳ್ಳೆಯ ಯಂತ್ರವೊಂದಕ್ಕೆ ಅನ್ಯಾಯವಾಗುತ್ತಿತ್ತು.

ಕರಾವಳಿಯ ತೇವ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಗಾಳಿಯಲ್ಲಿ ಉಪ್ಪು. ಗಡಿಯಾರಕ್ಕೆ ಇವೆರಡೂ ಶತ್ರುಗಳು. ಮುಚ್ಚಳದ ಅಂಚಿನ ರಬ್ಬರ್ ಬಳೆ ವರ್ಷಗಳು ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಹಿಂಬದಿಯಲ್ಲಿ '೩೦ ಮೀಟರು' ಎಂದು ಕೆತ್ತಿದ್ದರೆ ಅದು ಹೊಸದರಲ್ಲಿ ತಾಳಿದ ಒತ್ತಡದ ಮಾತು. ಮೂವತ್ತು ವರ್ಷದ ಬಳಿಕ ಅದನ್ನು ನಂಬಿ ಶರಾವತಿಯಲ್ಲಿ ಈಜಲು ಇಳಿಯಬಾರದು.

ಒಳಗೆ ತೇವವಿದೆಯೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಗಡಿಯಾರವನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಬೆಚ್ಚಗಾಗಿಸಿ, ಗಾಜಿನ ನಡುವೆ ತಣ್ಣೀರಿನ ಒಂದು ಹನಿಯನ್ನಿಡಿ. ಒಂದು ನಿಮಿಷದ ಬಳಿಕ ಒರೆಸಿ ನೋಡಿರಿ. ಹನಿಯಿದ್ದ ಜಾಗದ ಒಳಮೈಯಲ್ಲಿ ಮಸುಕು ಕಂಡರೆ ಒಳಗಿನ ಗಾಳಿ ಇಬ್ಬನಿಬಿಂದುವಿಗೆ ಇಳಿಯಿತೆಂದು ಅರ್ಥ. ೩೦ ಡಿಗ್ರಿಯ ತೇವಪೂರ್ಣ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು ೩೦ ಗ್ರಾಂ ನೀರಾವಿ ಇರುತ್ತದೆ. ೨೦ ಡಿಗ್ರಿಯಲ್ಲಿ ೧೭ ಗ್ರಾಂ ಮಾತ್ರ. ಉಳಿದುದು ನೀರಾಗಿ ಕೂರುತ್ತದೆ. ಗಡಿಯಾರದ ಒಳಗಿನ ಎರಡು ಘನ ಸೆಂಟಿಮೀಟರು ಗಾಳಿಯಲ್ಲಿ ಅದು ಮಿಲಿಗ್ರಾಮಿನ ನೂರರಲ್ಲಿ ಎರಡು ಮೂರು ಭಾಗವಷ್ಟೆ. ಆದರೂ ಉಕ್ಕಿನ ಸಣ್ಣ ಕೀಲುಗಳಿಗೆ ತುಕ್ಕು ಹಿಡಿಸಲು ಅದು ಸಾಲದೆ? ನಮ್ಮ ಗಡಿಯಾರ ಈ ಪರೀಕ್ಷೆಯಲ್ಲಿಯೂ ಉತ್ತೀರ್ಣವಾಯಿತು.

ಕತ್ತಲೆಯಲ್ಲಿ ಹೊಳೆಯುವ ಅಂಕಿಗಳು

ಇಲ್ಲಿಯವರೆಗೆ ಎಲ್ಲವೂ ಕೊಳ್ಳುವವನ ಕಡೆಗೇ ವಾಲಿತ್ತು. ಎಂಟನೆಯ ರಾತ್ರಿ ಹುಡುಗ ಸಂತೋಷದಿಂದ ಹೇಳಿದನು: "ಸರ್, ಕರೆಂಟು ಹೋದಾಗ ನೋಡಿದೆ. ಅಂಕಿಗಳು ಹಸಿರಾಗಿ ಎಷ್ಟು ಚೆನ್ನಾಗಿ ಹೊಳೆಯುತ್ತವೆ! ಮಧ್ಯರಾತ್ರಿಯವರೆಗೂ ಕಾಣುತ್ತಿತ್ತು." ಈ ಮಾತೇ ನನ್ನ ಸಂಶಯಕ್ಕೆ ಕಾರಣವಾಯಿತು.

ಹಳೆಯ ಕಾಲದ ಗಡಿಯಾರಗಳಲ್ಲಿ ರೇಡಿಯಂ ಬೆರೆಸಿದ ಬಣ್ಣವಿರುತ್ತಿತ್ತು. ಅದರ ಅರ್ಧಾಯುಷ್ಯ ೧,೬೦೦ ವರ್ಷ. ಅದು ಅಪಾಯಕಾರಿ, ಅಂತಹ ಗಡಿಯಾರವನ್ನು ಮನೆಯಲ್ಲಿ ಬಿಚ್ಚಲೇಕೂಡದು. ೧೯೬೦ರ ದಶಕದಲ್ಲಿ ಅದರ ಸ್ಥಾನಕ್ಕೆ ಟ್ರಿಟಿಯಂ ಬಂದಿತು. ಇದು ಹೈಡ್ರೊಜನ್ನಿನ ಭಾರವಾದ ಐಸೊಟೋಪು. ಅದರ ದುರ್ಬಲ ಬೀಟಾ ಕಣಗಳು ಗಡಿಯಾರದ ಗಾಜನ್ನು ದಾಟಲಾರವು. ಅವು ಸತುವಿನ ಸಲ್ಫೈಡಿಗೆ ಬಡಿದು ಬೆಳಕು ಹುಟ್ಟಿಸುತ್ತವೆ. ಇಂತಹ ಮುಖಫಲಕದ ಕೆಳ ಅಂಚಿನಲ್ಲಿ 'ಟಿ' ಎಂಬ ರೋಮನ್ ಅಕ್ಷರವನ್ನು ಅಚ್ಚುಹಾಕುತ್ತಿದ್ದರು. ನಮ್ಮ ಗಡಿಯಾರದಲ್ಲಿಯೂ ಆ ಅಕ್ಷರವಿತ್ತು.

ಟ್ರಿಟಿಯಂನ ಅರ್ಧಾಯುಷ್ಯ ೧೨.೩ ವರ್ಷ. ೧೯೮೮ರಿಂದ ಈಚೆಗೆ ಮೂರು ಅರ್ಧಾಯುಷ್ಯಗಳು ಕಳೆದಿವೆ. ಅರ್ಧದ ಅರ್ಧದ ಅರ್ಧ, ಎಂದರೆ ಎಂಟರಲ್ಲಿ ಒಂದು ಭಾಗ ಮಾತ್ರ ಉಳಿದಿರಬೇಕು. ಕಣಗಳ ಬಡಿತದಿಂದ ಸತುವಿನ ಸಲ್ಫೈಡೂ ದಣಿದಿರುತ್ತದೆ. ಅಂತಹ ಅಂಕಿಗಳಿಗೆ ದೀಪ ಹಿಡಿದರೆ ಕ್ಷಣಕಾಲ ಹೊಳೆದು ಬೇಗನೆ ಆರಬೇಕು. ಗಂಟೆಗಟ್ಟಲೆ ಹಸಿರು ಬೆಳಕು ಕೊಡುವುದು ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಎಂಬ ಬಣ್ಣ. ಅದು ಗಡಿಯಾರಗಳಿಗೆ ಬಂದದ್ದು ೧೯೯೦ರ ದಶಕದಲ್ಲಿ. ಅಂದಮೇಲೆ ಫಲಕದ ಅಕ್ಷರ ಒಂದು ಮಾತು ಹೇಳುತ್ತಿತ್ತು, ಬೆಳಕು ಇನ್ನೊಂದು ಮಾತು ಹೇಳುತ್ತಿತ್ತು. ಫಲಕವನ್ನೂ ಮುಳ್ಳುಗಳನ್ನೂ ಯಾರೋ ಮತ್ತೆ ಬಳಿದಿದ್ದರು.

'ಸೀಮಿತ' ಎಂದರೇನು?

ಮತ್ತೆ ಬಳಿದರೆ ಏನಾಯಿತು, ಹೊತ್ತು ತೋರಿಸುವುದಿಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊತ್ತು ಮಾತ್ರ ಬೇಕಾಗಿದ್ದರೆ ಇಷ್ಟು ಹಣವೇ ಬೇಡ. ಅಗ್ಗದ ಕ್ವಾರ್ಟ್ಸ್ ಗಡಿಯಾರದ ಹರಳು ಸೆಕೆಂಡಿಗೆ ೩೨,೭೬೮ ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ, ಅದೇ ಒಂದು ಸೆಕೆಂಡು. ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಸೆಕೆಂಡಿನೊಳಗೆ ಅದು ತಪ್ಪುತ್ತದೆ. ಲಕ್ಷಗಟ್ಟಲೆ ಬೆಲೆಯ ಸುರುಳಿ ಗಡಿಯಾರ ಅಷ್ಟನ್ನು ಎರಡು ಮೂರು ದಿನಗಳಲ್ಲಿಯೇ ತಪ್ಪಬಹುದು. ಸೀಮಿತ ಆವೃತ್ತಿಗೆ ಜನ ಹಣ ಕೊಡುವುದು ಹೊತ್ತಿಗಲ್ಲ. ಅದು ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದೆ ಎಂಬ ನಂಬಿಕೆಗೆ.

ಇನ್ನೊಂದು ವಿಷಯ. 'ಒಂದು ಸಾವಿರ ಮಾತ್ರ' ಎಂಬುದು ಪೂರೈಕೆಯನ್ನು ಹೇಳುತ್ತದೆ, ಬೇಡಿಕೆಯನ್ನು ಹೇಳುವುದಿಲ್ಲ. ಇಂದು ಬೆಂಗಳೂರು ವಾಚ್ ಕಂಪನಿಯಂತಹ ಸಣ್ಣ ಸಂಸ್ಥೆಗಳೂ ಮಿಗ್-೨೧ ವಿಮಾನದ ನೆನಪಿಗೆ ಮಾಡಿದ ಗಡಿಯಾರದಂತಹ ವಿಶೇಷ ಆವೃತ್ತಿಗಳನ್ನು ಸಣ್ಣ ಸಂಖ್ಯೆಯಲ್ಲಿ ತಯಾರಿಸುತ್ತವೆ. ಅವುಗಳಿಗೆ ಅಭಿಮಾನಿಗಳು ಇದ್ದಾರೆ. ಆದರೆ ಎಚ್.ಎಂ.ಟಿ.ಯ ಕಥೆಯನ್ನು ನೋಡಿರಿ. 'ಜನತಾ', 'ಪೈಲಟ್' ಗಡಿಯಾರಗಳು ಸೀಮಿತವಾಗಿರಲಿಲ್ಲ, ಮನೆಮನೆಯಲ್ಲಿಯೂ ಇದ್ದವು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರಕಾರ ೨೦೧೬ರಲ್ಲಿ ಒಪ್ಪಿದ ಬಳಿಕವೂ ಅವುಗಳನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಅದರ ಜೊತೆಯಲ್ಲಿಯೇ, ಸವೆದ ಯಂತ್ರಕ್ಕೆ ಹೊಸದಾಗಿ ಅಚ್ಚುಹಾಕಿದ ಬಣ್ಣಬಣ್ಣದ ಮುಖ ತೊಡಿಸಿ ಮಾರುವ ವ್ಯಾಪಾರವೂ ಬೆಳೆಯಿತು. ಕಾರ್ಖಾನೆಯು ಎಂದೂ ಮಾಡದ ಬಣ್ಣದ 'ಪೈಲಟ್'ಗಳು ಪೇಟೆಯಲ್ಲಿ ಸಿಗುತ್ತವೆ. ಅಗ್ಗದ ಗಡಿಯಾರಕ್ಕೇ ಈ ಗತಿಯಾದರೆ ದುಬಾರಿಯದಕ್ಕೆ ಎಚ್ಚರ ಎಷ್ಟು ಬೇಕು!

ಕಾಗದಪತ್ರಗಳನ್ನೂ ನೋಡಬೇಕು. ಮುಚ್ಚಳದ ಸಂಖ್ಯೆ ಖಾತರಿ ಚೀಟಿಯ ಸಂಖ್ಯೆಗೆ ಹೊಂದಬೇಕು. ವಿದೇಶದಿಂದ ಬಂದುದಾದರೆ ಖರೀದಿಯ ರಶೀದಿ, ಸುಂಕ ಕಟ್ಟಬೇಕಾಗಿದ್ದಲ್ಲಿ ಅದರ ರಶೀದಿ ಇರಬೇಕು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವ್ಯವಹಾರದ ಹಣವನ್ನು ನಗದಾಗಿ ಪಡೆಯಲು ೨೦೧೭ರಿಂದ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ. ಬ್ಯಾಂಕಿನ ಮೂಲಕವೇ ಕೊಡಬೇಕು. ಅದು ಕೊಳ್ಳುವವನಿಗೂ ಒಂದು ಸಾಕ್ಷಿ.

ನಿರೀಕ್ಷೆಯ ಲೆಕ್ಕ

ತೀರ್ಮಾನವನ್ನು ಸಂಖ್ಯೆಗಳಲ್ಲಿ ಹೇಗೆ ಇಡಬಹುದು? ಉದಾಹರಣೆಗಾಗಿ ಕೆಲವು ಬೆಲೆಗಳನ್ನು ಇಟ್ಟುಕೊಳ್ಳೋಣ. ಗಡಿಯಾರ ಪೂರ್ತಿ ಮೂಲರೂಪದ್ದಾದರೆ ಪೇಟೆಯಲ್ಲಿ ೩ ಲಕ್ಷ. ಮುಖ ಬಳಿದುದಾದರೆ ೧ ಲಕ್ಷ ೪೦ ಸಾವಿರ. ಎರಡರಲ್ಲಿಯೂ ಬಿಚ್ಚಿ ಎಣ್ಣೆ ಹಾಕಿಸಲು ೨೦ ಸಾವಿರ ಖರ್ಚು.

ಏನೂ ತಿಳಿಯದವನಿಗೆ ಎರಡು ಸಾಧ್ಯತೆಗಳೂ ಸಮಸಮ ಎಂದುಕೊಂಡರೆ, ನಿರೀಕ್ಷಿತ ಬೆಲೆ ೩ ಲಕ್ಷದ ಅರ್ಧ ಮತ್ತು ೧.೪ ಲಕ್ಷದ ಅರ್ಧ ಸೇರಿ ೨.೨ ಲಕ್ಷ, ಖರ್ಚು ಕಳೆದು ೨ ಲಕ್ಷ. ಕೇಳಿದ ಬೆಲೆ ೨.೪ ಲಕ್ಷ. ಅಷ್ಟು ಕೊಡುವುದು ನ್ಯಾಯವಾಗಬೇಕಾದರೆ ಮೂಲರೂಪದ್ದೆಂಬ ಸಂಭವನೀಯತೆ ಕನಿಷ್ಠ ಮುಕ್ಕಾಲು ಇರಬೇಕು. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಲಿ. ಟ್ರಿಟಿಯಂ ಪರೀಕ್ಷೆಯ ಬಳಿಕ ಆ ಸಂಭವನೀಯತೆ ಹತ್ತರಲ್ಲಿ ಒಂದಕ್ಕೆ ಇಳಿಯಿತೆಂದರೂ, ನಿರೀಕ್ಷಿತ ಬೆಲೆ ೧.೫೬ ಲಕ್ಷ, ಖರ್ಚು ಕಳೆದು ೧.೩೬ ಲಕ್ಷ. ಒಂದು ಕತ್ತಲೆ ಕೋಣೆಯ ವೀಕ್ಷಣೆ ಹೀಗೆ ಅರವತ್ತು ಸಾವಿರಕ್ಕೂ ಹೆಚ್ಚು ರೂಪಾಯಿಯ ತಿಳಿವಳಿಕೆಯನ್ನು ಕೊಟ್ಟಿತು.

ಕೊನೆಗೆ ಆದದ್ದು

ಹತ್ತನೆಯ ದಿನ ನಾವಿಬ್ಬರೂ ಭಟ್ಕಳಕ್ಕೆ ಹೋದೆವು. ಹಿರಿಯರು ಮೊದಲು ನೊಂದುಕೊಂಡರು. "ನಾನು ಸುಳ್ಳು ಹೇಳುವವನೇ?" ಎಂದರು. ದೀಪ ಆರಿಸಿ ಲೆಕ್ಕವನ್ನು ವಿವರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಹಳ ವರ್ಷಗಳ ಹಿಂದೆ ಪರಊರಿನ ಅಂಗಡಿಯೊಂದಕ್ಕೆ ರಿಪೇರಿಗೆ ಕೊಟ್ಟಾಗ 'ಮುಖವನ್ನು ಹೊಸದು ಮಾಡಿದ್ದೇವೆ' ಎಂದು ಅವರು ಹೇಳಿದ್ದುದನ್ನು ನೆನಪಿಸಿಕೊಂಡರು. ಅವರು ಮೋಸ ಮಾಡಿರಲಿಲ್ಲ. ಅದರ ಅರ್ಥ ಅವರಿಗೆ ಆಗ ತಿಳಿದಿರಲಿಲ್ಲ. ಮಾರುವವನು ಪ್ರಾಮಾಣಿಕನಾಗಿದ್ದರೂ ಪರೀಕ್ಷೆ ಬೇಕು ಎನ್ನುವುದು ಇದಕ್ಕಾಗಿಯೇ. ಒಂದು ಲಕ್ಷ ಮೂವತ್ತು ಸಾವಿರಕ್ಕೆ ಕೊಡುತ್ತೇನೆಂದು ಅವರಾಗಿಯೇ ಹೇಳಿದರು.

ಹುಡುಗ ಎರಡು ದಿನ ಯೋಚಿಸಿದನು. ಆ ಬೆಲೆ ನ್ಯಾಯವಾಗಿತ್ತು. ಆದರೆ ನ್ಯಾಯವಾದ ಬೆಲೆಯ ವಸ್ತುಗಳನ್ನೆಲ್ಲ ಕೊಳ್ಳಲೇಬೇಕೆಂದಿಲ್ಲ. ತಂಗಿಯ ಓದಿನ ಹಣವನ್ನು ತೆಗೆದಿಟ್ಟರೆ ಉಳಿಯುವುದೆಷ್ಟು, ಮಾರಬೇಕಾಗಿ ಬಂದರೆ ಕೂಡಲೇ ಗಿರಾಕಿ ಸಿಗುವನೇ ಎಂಬ ಪ್ರಶ್ನೆಗಳಿಗೆ ಯಾವ ಸೂತ್ರವೂ ಉತ್ತರ ಕೊಡುವುದಿಲ್ಲ. ಅವನು ಗಡಿಯಾರವನ್ನು ವಂದನೆಗಳೊಡನೆ ಹಿಂದಿರುಗಿಸಿದನು. ತಂಗಿ ಈಗ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಹಿರಿಯರ ಕೈಯಲ್ಲಿ ಆ ಗಡಿಯಾರ ಇಂದಿಗೂ ದಿನಕ್ಕೆ ಆರು ಸೆಕೆಂಡು ಮುಂದೆ ಓಡುತ್ತಿದೆ.

ಅಭ್ಯಾಸ

೧. ಗಂಟೆಗೆ ೧೮,೦೦೦ ಬಾರಿ ಮಿಡಿಯುವ ಗಡಿಯಾರ ಒಂದು ದಿನಕ್ಕೆ ಎಷ್ಟು ಬಾರಿ ಮಿಡಿಯುತ್ತದೆ? ಅದು ದಿನಕ್ಕೆ ೨೦ ಸೆಕೆಂಡು ಹಿಂದುಳಿದರೆ ಎಷ್ಟು ಮಿಡಿತಗಳು ಕಡಿಮೆಯಾದಂತಾಯಿತು?

೨. ೧೯೭೬ರ ಟ್ರಿಟಿಯಂ ಫಲಕದಲ್ಲಿ ನಾಲ್ಕು ಅರ್ಧಾಯುಷ್ಯಗಳ ಬಳಿಕ ಎಷ್ಟನೆಯ ಒಂದು ಭಾಗ ಉಳಿದಿರುತ್ತದೆ? ರೇಡಿಯಂ ಫಲಕಕ್ಕೆ ಇದೇ ಲೆಕ್ಕ ಏಕೆ ಉಪಯೋಗಕ್ಕೆ ಬರುವುದಿಲ್ಲ?

೩. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕೀಲಿ ಗಡಿಯಾರವಿದ್ದರೆ ಅದನ್ನು ಐದು ದಿನ ಪರೀಕ್ಷಿಸಿ, ಸರಾಸರಿ ತಪ್ಪನ್ನೂ ಚಂಚಲತೆಯನ್ನೂ ಬೇರೆಬೇರೆಯಾಗಿ ಬರೆಯಿರಿ. ಅದನ್ನು ತಿದ್ದಬಹುದೇ, ಬಿಚ್ಚಿಸಬೇಕೇ ಎಂಬುದನ್ನು ಆ ಎರಡು ಸಂಖ್ಯೆಗಳಿಂದಲೇ ಹೇಳಿರಿ.